ಅನ್ನ ಮತ್ತು ದುಡಿಮೆಯ ಲೆಕ್ಕ: ತೂಕ ಇಳಿಸುವ ಪದ್ಧತಿಯ ಪೂರ್ವಚರಿತ್ರೆ

ಮನುಷ್ಯ ತಿನ್ನುವ ಆಹಾರಕ್ಕೂ ಅವನ ದೇಹ ಮಾಡುವ ಕೆಲಸಕ್ಕೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನಕ್ಕೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಅದೇ ಸಂಬಂಧವನ್ನು ಅನುಭವದಿಂದ ಅರಿತು ನಿಯಮಗಳಾಗಿ ಬರೆದಿಟ್ಟ ಪರಂಪರೆ ಅದಕ್ಕಿಂತ ಬಹಳ ಹಳೆಯದು. ದಿನಕ್ಕೆ ಇಷ್ಟು ಕ್ಯಾಲೊರಿ ತಿನ್ನಬೇಕು, ಇಷ್ಟು ಹೊತ್ತು ನಡೆಯಬೇಕು ಎಂದು ಲೆಕ್ಕ ಹಾಕಿ ತೂಕ ಇಳಿಸಿಕೊಳ್ಳುವ ಪದ್ಧತಿ ಇಂದು ನಗರಗಳಲ್ಲಷ್ಟೇ ಅಲ್ಲದೆ ಹಳ್ಳಿಗಳಲ್ಲೂ ಪರಿಚಿತವಾಗಿದೆ. ಆದರೆ ಆ ಲೆಕ್ಕಕ್ಕೆ ಬಳಸುವ ಅಳತೆಗಳಲ್ಲಿ ಹೆಚ್ಚಿನವು ಬೊಜ್ಜನ್ನು ಕರಗಿಸುವ ಉದ್ದೇಶದಿಂದ ಹುಟ್ಟಿದವಲ್ಲ. ಕೂಲಿಕಾರನಿಗೆ, ಸೈನಿಕನಿಗೆ, ಬರಪೀಡಿತನಿಗೆ ಬದುಕಲು ಎಷ್ಟು ಅನ್ನ ಸಾಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಅವು ರೂಪುಗೊಂಡವು. ಈ ಹುಟ್ಟನ್ನು ಮರೆತಾಗ ಲೆಕ್ಕ ದೇಹಕ್ಕೆ ಅಪಾಯಕಾರಿಯಾಗುತ್ತದೆ, ನೆನಪಿಟ್ಟುಕೊಂಡಾಗ ಆರೋಗ್ಯಕ್ಕೆ ನೆರವಾಗುತ್ತದೆ ಎಂಬುದನ್ನು ಈ ಚರಿತ್ರೆ ಮತ್ತೆ ಮತ್ತೆ ತೋರಿಸುತ್ತದೆ.

ಭಾರತೀಯ ವೈದ್ಯಶಾಸ್ತ್ರದ ಪ್ರಾಚೀನ ಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ ಮತ್ತು ಅತಿಕೃಶ ದೇಹಗಳನ್ನು ಒಂದೇ ಅಧ್ಯಾಯದಲ್ಲಿ ಚರ್ಚಿಸಲಾಗಿದೆ. ಮಿತಿಮೀರಿದ ಊಟ, ಜಡವೂ ಸಿಹಿಯೂ ಆದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ ಇವುಗಳನ್ನು ಸ್ಥೌಲ್ಯದ, ಅಂದರೆ ಬೊಜ್ಜಿನ, ಕಾರಣಗಳೆಂದು ಗುರುತಿಸಿರುವ ಆ ಗ್ರಂಥ, ಹೊಟ್ಟೆ ತುಂಬಿಸುವಷ್ಟು ಗುರುವಾಗಿದ್ದೂ ದೇಹವನ್ನು ಹೆಚ್ಚು ಪೋಷಿಸದ ಆಹಾರವನ್ನು ಸ್ಥೂಲರಿಗೆ ಸೂಚಿಸುತ್ತದೆ. ಹಸಿವನ್ನು ಕೆರಳಿಸದೆ ಆಹಾರದ ಸತ್ವವನ್ನು ಕಡಿಮೆ ಮಾಡುವ ಈ ಉಪಾಯ, ನಾರಿನಂಶ ಹೆಚ್ಚಿರುವ ಆಹಾರವನ್ನು ಸಲಹೆ ಮಾಡುವ ಇಂದಿನ ಪೋಷಣಶಾಸ್ತ್ರಕ್ಕೆ ಹತ್ತಿರವಾದುದು. ಸುಶ್ರುತಸಂಹಿತೆಯಾದರೋ ವ್ಯಾಯಾಮಕ್ಕೂ ಒಂದು ಮಿತಿಯನ್ನು ಹಾಕಿ, ಪ್ರತಿಯೊಬ್ಬನೂ ತನ್ನ ಬಲದ ಅರ್ಧದಷ್ಟನ್ನು ಮಾತ್ರ ವಿನಿಯೋಗಿಸಬೇಕೆಂದು ವಿಧಿಸುತ್ತದೆ. ಪ್ರಮೇಹದಿಂದ, ಅಂದರೆ ಇಂದಿನ ಮಧುಮೇಹವನ್ನು ಹೋಲುವ ರೋಗದಿಂದ, ನರಳುವವನು ದೂರದೂರ ನಡೆಯಬೇಕು, ದನಗಳ ಹಿಂದೆ ಅಲೆಯಬೇಕು, ಬಾವಿ ತೋಡಬೇಕು ಎಂದೂ ಹೇಳುತ್ತದೆ. ಆಹಾರ ಮತ್ತು ಶ್ರಮಗಳೆರಡನ್ನೂ ಒಟ್ಟಿಗೆ ನಿಯಂತ್ರಿಸಬೇಕೆಂಬ, ಎರಡರಲ್ಲೂ ಅತಿಯನ್ನು ಬಿಡಬೇಕೆಂಬ ತತ್ವ ಇಲ್ಲಿ ಸ್ಪಷ್ಟವಾಗಿದೆ.

ಶ್ರಮ ಹೆಚ್ಚಿದಂತೆ ಅನ್ನವೂ ಹೆಚ್ಚಬೇಕೆಂಬ ತಿಳಿವಳಿಕೆ ಅರಮನೆಯ ವ್ಯವಸ್ಥೆಯಲ್ಲೂ ಸ್ಥಾನ ಪಡೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ಮಲ್ಲರನ್ನು ವಯಸ್ಸು, ಗಾತ್ರ ಮತ್ತು ಬಲಗಳಿಗೆ ಅನುಗುಣವಾಗಿ ವರ್ಗೀಕರಿಸಿ, ಅವರ ಸಾಧನೆಯ ಕ್ರಮವನ್ನೂ ಅವರಿಗೆ ಅರಸನು ಒದಗಿಸಬೇಕಾದ ಬೇಳೆಕಾಳು, ಮಾಂಸ, ಹಾಲು ಮತ್ತು ಸಕ್ಕರೆಯ ಆಹಾರವನ್ನೂ ವಿವರಿಸುತ್ತದೆ. ಕನ್ನಡ ನಾಡಿನ ಗರಡಿಮನೆಗಳಲ್ಲಿಯೂ ದಂಡ, ಬಸ್ಕಿ ಮತ್ತು ಗದೆ ತಿರುಗಿಸುವ ಸಾಮು ಒಂದೆಡೆಗಾದರೆ, ಹಾಲು, ತುಪ್ಪ, ಬಾದಾಮಿಗಳ ಪುಷ್ಟಿ ಇನ್ನೊಂದೆಡೆಗೆ ಇದ್ದು, ಒಂದು ನಿಂತರೆ ಇನ್ನೊಂದೂ ನಿಲ್ಲಬೇಕೆಂಬುದು ಪೈಲ್ವಾನರ ತಿಳಿವಳಿಕೆಯಾಗಿತ್ತು. ಆದರೆ ಈ ಎಲ್ಲ ಪರಂಪರೆಗಳಲ್ಲೂ ಪ್ರಮಾಣವನ್ನು ನಿರ್ಧರಿಸುತ್ತಿದ್ದುದು ವೈದ್ಯನ ಅಥವಾ ಉಸ್ತಾದನ ಕಣ್ಣಂದಾಜು. ತಿಂದದ್ದನ್ನೂ ದುಡಿದದ್ದನ್ನೂ ಒಂದೇ ಮಾನದಲ್ಲಿ ಅಳೆಯುವ ಸಾಧನ ಇನ್ನೂ ಇರಲಿಲ್ಲ.

ಅಂಥ ಅಳತೆಯ ಕಡೆಗಿನ ಮೊದಲ ಹೆಜ್ಜೆಗಳಲ್ಲೊಂದನ್ನು ಇಟ್ಟವನು ಇಟಲಿಯ ಪಡುವಾ ವಿಶ್ವವಿದ್ಯಾಲಯದ ವೈದ್ಯ ಸಾಂಟೋರಿಯೊ (1561–1636). ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು ತನ್ನ ದೇಹವನ್ನೂ, ತಿಂದು ಕುಡಿದದ್ದನ್ನೂ, ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿದ ಅವನು, 8 ಪೌಂಡ್ ಆಹಾರಪಾನೀಯಗಳಲ್ಲಿ ಸುಮಾರು 5 ಪೌಂಡ್ ಕಣ್ಣಿಗೆ ಕಾಣದ ಬೆವರಾಗಿ ಹೊರಹೋಗುತ್ತದೆ ಎಂದು ತೀರ್ಮಾನಿಸಿ, 1614ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಕಾಣೆಯಾದ ಆ ಭಾಗದ ಒಗಟನ್ನು ಬಹುಮಟ್ಟಿಗೆ ಬಿಡಿಸಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಲವೋಸಿಯೆ. ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರಿನ ತೂಕದಿಂದ ಅದರ ದೇಹದ ಶಾಖವನ್ನು ಅಳೆದ ಅವನು, ಉಸಿರಾಟವೆಂಬುದು ಬಹಳ ನಿಧಾನವಾದ ದಹನವೆಂದು ನಿರೂಪಿಸಿದನು. ಮುಂದೆ ತನ್ನ ಸಹೋದ್ಯೋಗಿ ಸೆಗ್ವಾನನ್ನೇ ಪ್ರಯೋಗಕ್ಕೆ ಒಳಪಡಿಸಿ, ವಿಶ್ರಾಂತಿಗಿಂತ ಊಟದ ನಂತರವೂ, ಅದಕ್ಕಿಂತ ಭಾರ ಎತ್ತುವಾಗಲೂ ದೇಹ ಹೆಚ್ಚು ಆಮ್ಲಜನಕವನ್ನು ಬಳಸುತ್ತದೆಂದು ತೋರಿಸಿದನು. ಮೈಮುರಿದು ದುಡಿಯುವ ಬಡವನ ದೇಹವೇ ಹೆಚ್ಚು ವ್ಯಯಿಸುವಾಗ ಅವನಿಗೇ ಆಹಾರ ಕಡಿಮೆ ದೊರೆಯುವ ಅನ್ಯಾಯವನ್ನು ಲವೋಸಿಯೆ ತನ್ನ ಪ್ರಬಂಧದಲ್ಲಿಯೇ ಎತ್ತಿ ತೋರಿಸಿದ್ದು ಗಮನಾರ್ಹ. ಈ ವಿಜ್ಞಾನ ಆರಂಭದಿಂದಲೂ ಸಾಮಾಜಿಕ ಪ್ರಶ್ನೆಯೊಂದಿಗೆ ಬೆಸೆದುಕೊಂಡಿತ್ತು.

ಒಂದು ಕಿಲೊಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಆಹಾರದ ಕ್ಯಾಲೊರಿ, ಅಂದರೆ ಕಿಲೊಕ್ಯಾಲೊರಿ. ಹಬೆಯಂತ್ರಗಳ ಚರ್ಚೆಯಲ್ಲಿ ಬಳಕೆಗೆ ಬಂದ ಈ ಮಾನವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಫಾಯ್ಟ್ ಮತ್ತು ರುಬ್ನರ್ ಮೊದಲಾದವರು ಜೀವಿಗಳ ಅಧ್ಯಯನಕ್ಕೆ ಒಗ್ಗಿಸಿದರು. ಫಾಯ್ಟ್‌ನ ಬಳಿ ಕಲಿತ ಅಮೆರಿಕದ ಆಟ್‌ವಾಟರ್, ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ರೋಸಾನೊಡನೆ 1890ರ ದಶಕದಲ್ಲಿ ಮನುಷ್ಯ ವಾಸಿಸಬಹುದಾದಷ್ಟು ದೊಡ್ಡ ಕ್ಯಾಲೊರಿಮಾಪಕ ಕೋಣೆಯನ್ನು ಕಟ್ಟಿದನು. ಅದರೊಳಗೆ ದಿನಗಟ್ಟಲೆ ಇದ್ದು, ಓದುತ್ತ, ನಿದ್ರಿಸುತ್ತ, ನಿಂತಲ್ಲೇ ಇರುವ ಸೈಕಲ್ಲನ್ನು ತುಳಿಯುತ್ತ ಕಳೆದ ಸ್ವಯಂಸೇವಕರ ದೇಹದಿಂದ ಹೊರಬಿದ್ದ ಶಾಖ ಮತ್ತು ಕೆಲಸದ ಮೊತ್ತವು ಅವರ ದೇಹ ಬಳಸಿಕೊಂಡ ಆಹಾರದ ಶಕ್ತಿಗೆ ಬಹುಮಟ್ಟಿಗೆ ಸರಿಹೊಂದಿತು. ಪ್ರೋಟೀನ್ ಮತ್ತು ಪಿಷ್ಟಗಳ ಗ್ರಾಂಗೆ 4, ಕೊಬ್ಬಿನ ಗ್ರಾಂಗೆ 9 ಕ್ಯಾಲೊರಿ ಎಂದು ಇಂದಿಗೂ ಆಹಾರದ ಪೊಟ್ಟಣಗಳ ಲೆಕ್ಕಕ್ಕೆ ಆಧಾರವಾಗಿರುವ ಅಂಕಿಗಳು ಆಟ್‌ವಾಟರ್‌ನ ಕೊಡುಗೆ. ಕಡಿಮೆ ವೆಚ್ಚದಲ್ಲಿ ಕಾರ್ಮಿಕ ಕುಟುಂಬಕ್ಕೆ ಹೆಚ್ಚು ಶಕ್ತಿ ಒದಗಿಸುವ ಆಹಾರ ಯಾವುದೆಂಬುದು ಅವನ ಮುಖ್ಯ ಕಾಳಜಿಗಳಲ್ಲೊಂದಾಗಿತ್ತು.

ಈ ಪ್ರಯೋಗಗಳಿಗೂ ಮುನ್ನವೇ ದಕ್ಷಿಣ ಭಾರತದಲ್ಲಿ ಅನ್ನ ಮತ್ತು ದುಡಿಮೆಯ ಸಮತೋಲ ಸಾವುಬದುಕಿನ ವಿವಾದವಾಗಿ ಪರಿಣಮಿಸಿತ್ತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ 1876–78ರ ಕ್ಷಾಮದಲ್ಲಿ, ಮದ್ರಾಸ್ ಪ್ರಾಂತ್ಯಕ್ಕೆ ಸರ್ಕಾರದ ಕ್ಷಾಮ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಗಳಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾನ್ಯ ಮತ್ತು ಒಂದು ಆಣೆ ಸಾಕೆಂದು ನಿಗದಿಪಡಿಸಿದನು. ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿ, ಕನಿಷ್ಠ ಒಂದೂವರೆ ಪೌಂಡ್ ಧಾನ್ಯವೂ ಅದರೊಡನೆ ಬೇಳೆ ಮತ್ತು ತರಕಾರಿಯೂ ಇರಬೇಕೆಂದು ವಾದಿಸಿದ ಮೇಲೆ, 1877ರಲ್ಲಿ ಪಡಿಯನ್ನು ಸ್ವಲ್ಪ ಹೆಚ್ಚಿಸಲಾಯಿತು. ಟೆಂಪಲ್‌ನ ಒಂದು ಪೌಂಡ್ ಧಾನ್ಯ ಇಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 1600 ಕ್ಯಾಲೊರಿಗೆ ಸಮ. ಅದೇ ಕ್ಷಾಮಕ್ಕೆ ಸಿಕ್ಕಿದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ದಾಟಿದ್ದುದು 1881ರ ಜನಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಈ ನೆನಪಿರುವ ನಾಡಿನಲ್ಲಿ ಕಡಿಮೆ ತಿನ್ನುವುದನ್ನು ಒಂದು ಗುರಿಯನ್ನಾಗಿ ಕಲ್ಪಿಸಿಕೊಳ್ಳುವುದೇ ಬಹುಕಾಲ ಅಸಾಧ್ಯವಾಗಿತ್ತು.

ಅದೇ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧವಾದ ಸಮಸ್ಯೆ ಪುಸ್ತಕದ ವಸ್ತುವಾಗಿತ್ತು. ಲಂಡನ್ನಿನಲ್ಲಿ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್, ತೂಕ ಇಳಿಸಲು ಮೊದಲು ವೈದ್ಯರ ಮಾತಿನಂತೆ ದೋಣಿಯ ಹುಟ್ಟು ಹಾಕಿದಾಗ ಸ್ನಾಯುಬಲದೊಂದಿಗೆ ಹಸಿವೂ ಹೆಚ್ಚಿ ತೂಕ ಏರಿತೆಂದು 1863ರ ತನ್ನ ಕಿರುಹೊತ್ತಗೆಯಲ್ಲಿ ದಾಖಲಿಸಿದನು. ಬಳಿಕ ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆಗಳನ್ನು ಬಿಟ್ಟು 202 ಪೌಂಡಿನಿಂದ 156 ಪೌಂಡಿಗೆ ಇಳಿದುದನ್ನೂ ವಿವರಿಸಿದನು. ಆಟ್‌ವಾಟರ್‌ನ ಅಂಕಿಗಳು ಜನಸಾಮಾನ್ಯರ ಕೈಗೆ ತೂಕ ಇಳಿಸುವ ಸಾಧನವಾಗಿ ಬಂದುದು 1918ರಲ್ಲಿ, ಕ್ಯಾಲಿಫೋರ್ನಿಯಾದ ವೈದ್ಯೆ ಲುಲು ಹಂಟ್ ಪೀಟರ್ಸ್ ಬರೆದ ಜನಪ್ರಿಯ ಪುಸ್ತಕದ ಮೂಲಕ. ಪ್ರತಿಯೊಂದು ತಿನಿಸಿನ 100 ಕ್ಯಾಲೊರಿಯ ಪ್ರಮಾಣವನ್ನು ಪಟ್ಟಿ ಮಾಡಿ, ಆಹಾರವನ್ನು ಚೂರುಗಳಲ್ಲಲ್ಲ, ಕ್ಯಾಲೊರಿಗಳಲ್ಲಿ ಎಣಿಸಬೇಕೆಂದು ಆಕೆ ಓದುಗರಿಗೆ ಕಲಿಸಿದಳು. ಹಸಿವನ್ನು ನೀಗಿಸಲು ರೂಪುಗೊಂಡ ಮಾನ ಹೀಗೆ ಹಸಿವನ್ನು ಪಳಗಿಸುವ ಮಾನವಾಯಿತು.

ಭಾರತದಲ್ಲಿ ಮಾತ್ರ ಕ್ಯಾಲೊರಿ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೊರತೆಯ ಮಾನವಾಗಿಯೇ ಉಳಿಯಿತು. ನೀಲಗಿರಿಯ ಕೂನೂರಿನಲ್ಲಿ ವೈದ್ಯ ಮೆಕ್ಯಾರಿಸನ್ ಆರಂಭಿಸಿದ ಪೋಷಣ ಸಂಶೋಧನೆಯ ಪ್ರಯೋಗಾಲಯವನ್ನು ಅವನ ನಂತರ ಮುನ್ನಡೆಸಿದ ಆಯ್‌ಕ್ರಾಯ್ಡ್, ದೇಶದ ಧಾನ್ಯ, ಬೇಳೆ, ಸೊಪ್ಪು, ತರಕಾರಿಗಳ ಪೋಷಕಾಂಶಗಳ ಪಟ್ಟಿಯನ್ನು 1937ರಲ್ಲಿ ಪ್ರಕಟಿಸಿದನು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಆ ಸಂಸ್ಥೆಯೇ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ. 1971ರಲ್ಲಿ ದಾಂಡೇಕರ್ ಮತ್ತು ರಥ್ ಎಂಬ ಅರ್ಥಶಾಸ್ತ್ರಜ್ಞರು ದಿನಕ್ಕೆ 2250 ಕ್ಯಾಲೊರಿಯನ್ನು ಆಧಾರವಾಗಿಟ್ಟುಕೊಂಡು ಬಡತನವನ್ನು ಅಳೆದರು; 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಗ್ರಾಮಗಳಿಗೆ 2400, ನಗರಗಳಿಗೆ 2100 ಕ್ಯಾಲೊರಿಯನ್ನು ಬಡತನ ರೇಖೆಯ ಆಧಾರವಾಗಿ ಒಪ್ಪಿತು. ಹಳ್ಳಿಗೆ ಹೆಚ್ಚು, ಪಟ್ಟಣಕ್ಕೆ ಕಡಿಮೆ ಎಂಬ ಈ ವ್ಯತ್ಯಾಸದ ಹಿಂದೆ, ಹಳ್ಳಿಯ ದೇಹ ಹೆಚ್ಚು ದುಡಿಯುತ್ತದೆಂಬ ಗ್ರಹಿಕೆಯಿತ್ತು.

ಕಡಿಮೆ ತಿಂದು ಹೆಚ್ಚು ಶ್ರಮಿಸಿದರೆ ದೇಹಕ್ಕೂ ಮನಸ್ಸಿಗೂ ಏನಾಗುತ್ತದೆಂಬುದನ್ನು ಅತ್ಯಂತ ವಿವರವಾಗಿ ದಾಖಲಿಸಿದ್ದು ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗ. ಯುದ್ಧಪೀಡಿತ ಯುರೋಪಿನ ಹಸಿದವರಿಗೆ ಮತ್ತೆ ಆಹಾರ ನೀಡುವ ಸರಿಯಾದ ಕ್ರಮವನ್ನು ಕಂಡುಕೊಳ್ಳಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಸೇವೆಯನ್ನು ನಿರಾಕರಿಸಿದ್ದ 36 ಯುವಕರಿಗೆ 24 ವಾರಗಳ ಕಾಲ ದಿನಕ್ಕೆ ಸರಾಸರಿ 1570 ಕ್ಯಾಲೊರಿಯಷ್ಟೇ ಕೊಟ್ಟು, ವಾರಕ್ಕೆ 22 ಮೈಲಿ ನಡೆಸಿದನು. ಅವರ ತೂಕ ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿದುದರ ಜೊತೆಗೆ ಚಯಾಪಚಯ, ಅಂದರೆ ದೇಹವು ಜೀವಂತವಾಗಿರಲು ಶಕ್ತಿಯನ್ನು ವ್ಯಯಿಸುವ ಕ್ರಿಯೆಯ ಗತಿ, ತೀವ್ರವಾಗಿ ಕುಗ್ಗಿತು; ಸ್ನಾಯು ಸೊರಗಿ, ಚಳಿ ಹಿಡಿದು, ಮನಸ್ಸು ಮಂಕಾಗಿ, ಊಟದ ಚಿಂತೆಯೊಂದೇ ಉಳಿಯಿತು. ನಿರ್ಬಂಧ ತೆಗೆದ ಮೇಲೆ ಅನೇಕರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿಯಾಗದ ಸ್ಥಿತಿಯನ್ನು ಅನುಭವಿಸಿದರು. ಟೆಂಪಲ್ ಸಾಕೆಂದು ಹೇಳಿದ ಧಾನ್ಯದ ಪ್ರಮಾಣವೂ ಈ ಪ್ರಯೋಗದ ಪಡಿಯೂ ಬಹುತೇಕ ಒಂದೇ ಎಂಬುದು ಚರಿತ್ರೆಯ ಕಠೋರ ಸಾಕ್ಷ್ಯ. ಇದಕ್ಕಿಂತಲೂ ಕಡಿಮೆ ಕ್ಯಾಲೊರಿಯನ್ನು ದೃಢಕಾಯರಿಗೂ ಸೂಚಿಸಿ, ಅದರ ಮೇಲೆ ಕಠಿಣ ವ್ಯಾಯಾಮವನ್ನೂ ಹೇರುವ ಇಂದಿನ ಕೆಲವು ದಿಢೀರ್ ತೂಕ ಇಳಿಕೆಯ ಕ್ರಮಗಳನ್ನು ಈ ಬೆಳಕಿನಲ್ಲಿಯೇ ನೋಡಬೇಕಾಗುತ್ತದೆ.

ದುಡಿಮೆ ಕಡಿಮೆಯಾದರೆ ಹಸಿವೂ ತಾನಾಗಿ ಕಡಿಮೆಯಾಗುತ್ತದೆಂಬ ನಂಬಿಕೆಯನ್ನು ಪ್ರಶ್ನಿಸಿದ ಅಧ್ಯಯನ ನಡೆದುದು ಭಾರತದಲ್ಲಿಯೇ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯ ಆಹಾರ, ತೂಕ ಮತ್ತು ಕೆಲಸಗಳನ್ನು ಹೋಲಿಸಿ ಝಾನ್ ಮೇಯರ್ ಮತ್ತು ಅವನ ಸಹೋದ್ಯೋಗಿಗಳು 1956ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹಗುರ ಕೆಲಸದಿಂದ ಭಾರೀ ಕೆಲಸದವರೆಗೆ ಶ್ರಮ ಹೆಚ್ಚಿದಂತೆ ಆಹಾರವೂ ಹೆಚ್ಚಿ ತೂಕ ಹದವಾಗಿತ್ತು. ಆದರೆ ಇಡೀ ದಿನ ಕುಳಿತೇ ಇರುವವರು ಭಾರ ಹೊರುವವರಷ್ಟೇ ತಿನ್ನುತ್ತಿದ್ದು, ಅವರಿಗಿಂತ ಹೆಚ್ಚು ತೂಗುತ್ತಿದ್ದರು. ಚಲನೆಯು ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಹಸಿವು ದೇಹದ ನಿಜವಾದ ಅಗತ್ಯವನ್ನು ಸರಿಯಾಗಿ ಸೂಚಿಸುವುದಿಲ್ಲವೆಂಬ ತೀರ್ಮಾನಕ್ಕೆ ಇದು ದಾರಿ ಮಾಡಿತು. ಅದೇ ದಶಕದಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿದ ಜೆರ್ರಿ ಮಾರಿಸ್, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು 1953ರಲ್ಲಿ ತೋರಿಸಿದನು. ಚಾಲಕರ ಸಮವಸ್ತ್ರದ ಸೊಂಟದ ಅಳತೆಯೂ ದೊಡ್ಡದೆಂಬುದು ಮುಂದೆ ಬೆಳಕಿಗೆ ಬಂದಿತು.

ಒಂದು ಪೌಂಡ್ ತೂಕ ಇಳಿಯಲು 3500 ಕ್ಯಾಲೊರಿಯ ಕೊರತೆ ಬೇಕೆಂದು 1958ರಲ್ಲಿ ವಿಷ್ನಾಫ್‌ಸ್ಕಿ ಎಂಬ ವೈದ್ಯ ನೀಡಿದ ಸರಳ ಸೂತ್ರ ದಶಕಗಳ ಕಾಲ ಆಹಾರತಜ್ಞರ ಮಾರ್ಗದರ್ಶಿಯಾಗಿತ್ತು. ಆದರೆ ತೂಕ ಇಳಿದಂತೆಲ್ಲ ದೇಹದ ಅಗತ್ಯವೂ ಇಳಿಯುವುದರಿಂದ ಇಳಿಕೆಯ ವೇಗ ಕ್ರಮೇಣ ತಗ್ಗುತ್ತದೆಂಬುದನ್ನು ಆ ಸೂತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 2011ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಈ ಬದಲಾವಣೆಯನ್ನು ಗಣಿತದ ಮಾದರಿಯಾಗಿ ನಿರೂಪಿಸಿದರು. ಟಾಂಜಾನಿಯಾದಲ್ಲಿ ಬೇಟೆ ಮತ್ತು ಗೆಡ್ಡೆಗೆಣಸುಗಳ ಸಂಗ್ರಹದಿಂದ ಬದುಕುವ ಹಾಡ್ಜಾ ಜನರು, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಪಾಶ್ಚಾತ್ಯ ನಗರವಾಸಿಗಳಷ್ಟೇ ಒಟ್ಟು ಶಕ್ತಿಯನ್ನು ವ್ಯಯಿಸುತ್ತಾರೆಂದು 2012ರಲ್ಲಿ ಪ್ರಕಟವಾದ ಅಧ್ಯಯನವು, ವ್ಯಾಯಾಮವೊಂದರಿಂದಲೇ ತೂಕ ಇಳಿಸುವ ನಿರೀಕ್ಷೆಗೆ ಇನ್ನೊಂದು ಮಿತಿಯನ್ನು ಸೂಚಿಸಿತು.

ಇಂದು ಸಮಸ್ಯೆಯ ಸ್ವರೂಪ ಭಾರತದಲ್ಲಿಯೂ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 23ರಷ್ಟು ಮಂದಿ ಅಧಿಕ ತೂಕದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಲ್ಲಿ 65 ಕಿಲೊ ತೂಕದ ಪುರುಷನಿಗೆ ಕುಳಿತು ಮಾಡುವ ಕೆಲಸಕ್ಕೆ 2110, ಭಾರೀ ದುಡಿಮೆಗೆ 3470 ಕ್ಯಾಲೊರಿ ಬೇಕಾಗುತ್ತದೆ. 55 ಕಿಲೊ ತೂಕದ ಮಹಿಳೆಗೆ ಇವೇ ಅಂಕಿಗಳು 1660 ಮತ್ತು 2720. ಹೊಲದಲ್ಲಿ ದುಡಿಯುತ್ತಿದ್ದ ಹಿರಿಯರ ಊಟದ ಪ್ರಮಾಣವನ್ನು ಕಚೇರಿಯ ಕುರ್ಚಿಯಲ್ಲಿಯೂ ಉಳಿಸಿಕೊಂಡ ತಲೆಮಾರಿನ ಬೊಜ್ಜಿಗೆ ಮುಖ್ಯ ಕಾರಣವೊಂದು ಈ ಅಂತರದಲ್ಲಿಯೇ ಇದೆ. ತಪ್ಪು ಮುದ್ದೆಯದೂ ಅಲ್ಲ, ಅನ್ನದದೂ ಅಲ್ಲ.

ಚರಕನಿಂದ ಹಾಲ್‌ನವರೆಗಿನ ಈ ದೀರ್ಘ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಆರೋಗ್ಯಕರವಾದ ತೂಕ ಇಳಿಕೆಗೆ ಎರಡು ಆಧಾರಗಳು ಕಾಣುತ್ತವೆ. ತೂಕವನ್ನು ಇಳಿಸುವ ಹೊರೆಯ ಹೆಚ್ಚಿನ ಭಾಗವನ್ನು ಆಹಾರದ ಮಿತವಾದ ಕಡಿತ ಹೊರಬೇಕು. ಇಳಿದ ತೂಕವನ್ನು ಉಳಿಸಿಕೊಳ್ಳುವ, ಸ್ನಾಯು ಮತ್ತು ಹೃದಯವನ್ನು ಕಾಪಾಡುವ, ಹಸಿವನ್ನು ಹದದಲ್ಲಿಡುವ ಹೊಣೆ ವ್ಯಾಯಾಮದ್ದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ, ಬಲದ ಅರ್ಧವನ್ನಷ್ಟೇ ಬಳಸಬೇಕೆಂಬ ಸುಶ್ರುತನ ವಿಧಿಯೂ ಪ್ರತಿದಿನ ಮುಂದುವರಿಸಬಹುದಾದ ಶ್ರಮವನ್ನೇ ಬೆಂಬಲಿಸುತ್ತವೆ. ಮನುಷ್ಯನಿಗೆ ಅನ್ನ ಸಾಲದೆ ಹೋಗಬಾರದೆಂಬ ಕಾಳಜಿಯಿಂದ ಬೆಳೆದ ವಿಜ್ಞಾನವನ್ನು ತೂಕ ಇಳಿಸಲು ಬಳಸುವವರು ಆ ಕಾಳಜಿಯನ್ನೂ ತಮ್ಮ ದೇಹದ ವಿಷಯದಲ್ಲಿ ಪಾಲಿಸಬೇಕು: ಕಡಿತಕ್ಕೆ ಒಂದು ಕೆಳಮಿತಿಯನ್ನು ಮೊದಲೇ ನಿಗದಿಮಾಡಿಕೊಂಡು, ಆ ಮಿತಿಯನ್ನು ಯಾವ ಅವಸರಕ್ಕೂ ದಾಟದಿರುವುದೇ ಈ ಲೆಕ್ಕದ ಮೊದಲ ನಿಯಮವಾಗಬೇಕು.