ಕಣ್ಣಿನೊಳಗಿನ ಕರೆಂಟು

ನನ್ನ ಚಿಕ್ಕಪ್ಪನ ಮಗ ಚಿಕ್ಕಂದಿನಿಂದಲೂ ಸಂಜೆಯಾದರೆ ಸಾಕು, ಎಡವುತ್ತಿದ್ದ. ಹೊಸಿಲು, ಚೊಂಬು, ಅಂಗಳದಲ್ಲಿ ಮಲಗಿದ ನಾಯಿ, ಎಲ್ಲವೂ ಅವನ ಕಾಲಿಗೇ ಸಿಗಬೇಕು. "ಕಣ್ಣು ನೆತ್ತಿ ಮೇಲಿದೆಯೇನೋ?" ಅಂತ ಚಿಕ್ಕಪ್ಪ ಬೈಯುತ್ತಿದ್ದರು. ಹಗಲಲ್ಲಿ ಪೇಪರಿನ ಸಣ್ಣಕ್ಷರವನ್ನೂ ಸಲೀಸಾಗಿ ಓದುವವನು ರಾತ್ರಿ ಕಾಣಲ್ಲ ಅಂದರೆ ಯಾರು ನಂಬುತ್ತಾರೆ ಹೇಳಿ? ನುಗ್ಗೆಸೊಪ್ಪು, ಕ್ಯಾರೆಟ್ಟು ಎಲ್ಲ ತಿನ್ನಿಸಿದ್ದಾಯಿತು. ಕೊನೆಗೆ 2009ರ ಬೇಸಿಗೆಯಲ್ಲಿ ಅವನನ್ನು ಬೆಂಗಳೂರಿಗೆ ಕರೆಸಿಕೊಂಡು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, "ಮೇಲ್ನೋಟಕ್ಕೆ ಹೆಚ್ಚೇನೂ ಕಾಣ್ತಿಲ್ಲ, ಒಂದು ಇಆರ್‌ಜಿ ಮಾಡಿಸೋಣ" ಅಂದರು.

ಇಸಿಜಿ ಗೊತ್ತು, ಇದ್ಯಾವುದಪ್ಪಾ ಇಆರ್‌ಜಿ? ಎಲೆಕ್ಟ್ರೋರೆಟಿನೋಗ್ರಾಂ. ಬೆಳಕು ಬಿದ್ದಾಗ ಕಣ್ಣಿನ ಹಿಂಭಾಗದ ರೆಟಿನಾ ಹೊರಡಿಸುವ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ. ಅವತ್ತು ಹುಟ್ಟಿದ ಕುತೂಹಲದಿಂದ ಇದರ ಹಿಂದಿನ ಕತೆ ಓದುತ್ತಾ ಹೋದೆ.

1849ರಲ್ಲಿ ಜರ್ಮನಿಯ ದ್ಯು ಬ್ವಾ-ರೇಮಾಂಡ್ ಮೀನಿನ ಕಣ್ಣಿನ ಮುಂಭಾಗಕ್ಕೂ ಹಿಂಭಾಗಕ್ಕೂ ವಿದ್ಯುತ್ತಿನ ವ್ಯತ್ಯಾಸ ಇದೆ ಎಂದು ಕಂಡುಕೊಂಡ. 1865ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಹೋಲ್ಮ್‌ಗ್ರೆನ್ ಕಪ್ಪೆಯ ಕಣ್ಣಿನ ಮೇಲೆ ಬೆಳಕು ಬಿಟ್ಟಾಗಲೂ ತೆಗೆದಾಗಲೂ ಗ್ಯಾಲ್ವನೋಮೀಟರ್ ಅಲುಗಿತು. ಈ ಕೆಲಸದ ಸುದ್ದಿಯೇ ಇಲ್ಲದೆ ಸ್ಕಾಟ್‌ಲೆಂಡಿನಲ್ಲಿ ಡೆವಾರ್ ಮತ್ತು ಮೆಕೆಂಡ್ರಿಕ್ 1873ರ ಹೊತ್ತಿಗೆ ಇದನ್ನೇ ಕಂಡರು. ಡೆವಾರ್ ಅಂದರೆ ಯಾರು ಗೊತ್ತೇ? ಮುಂದೆ ನಮ್ಮ ಕಾಫಿಯನ್ನು ಬಿಸಿಯಾಗಿಡುವ ಫ್ಲಾಸ್ಕಿಗೆ ಮೂಲಪುರುಷನಾದವನೇ! ಮನುಷ್ಯನ ಕಣ್ಣಿನಲ್ಲೂ ಹೀಗೇ ಆಗುತ್ತದೆಂದು ಅವನು 1877ರಲ್ಲಿ ತೋರಿಸಿದ. ಮಲಗಿದವನ ಕಣ್ಣಿನ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಅದಕ್ಕೆ ಉಪ್ಪುನೀರು ತುಂಬಿ, ಅದರಲ್ಲೊಂದು ಎಲೆಕ್ಟ್ರೋಡ್. ಇನ್ನೊಂದು ಎಲೆಕ್ಟ್ರೋಡಿಗಾಗಿ ಅವನ ಕೈ ಇನ್ನೊಂದು ಉಪ್ಪುನೀರಿನ ತೊಟ್ಟಿಯಲ್ಲಿ. ಪಾಪ, ಮಿಟುಕಿಸದೆ ಹೇಗೆ ಮಲಗಿದ್ದನೋ!

ಅಲ್ಲಿಂದ ಇದು ಆಸ್ಪತ್ರೆಗೆ ಬರಲು ಇನ್ನೂ 68 ವರ್ಷ ಬೇಕಾಯಿತು. ರೆಟಿನಾದಿಂದ ಸಿಗುವ ಸಂಕೇತ ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಕೆಲವೇ ಪಾಲು. ಸಾಲದ್ದಕ್ಕೆ ಕಣ್ಣು ಒಂದು ಕ್ಷಣ ಸುಮ್ಮನಿರುವುದಿಲ್ಲ. 1933ರಲ್ಲಿ ರಾಗ್ನರ್ ಗ್ರಾನಿಟ್ ಬೆಕ್ಕಿನ ಕಣ್ಣಿನಲ್ಲಿ ಈ ಅಲೆಯನ್ನು ಮೂರು ಭಾಗವಾಗಿ ಬಿಡಿಸಿದ (1967ರಲ್ಲಿ ಅವನಿಗೆ ನೊಬೆಲ್ ಬಂತು). 1941ರಲ್ಲಿ ಅಮೆರಿಕದ ರಿಗ್ಸ್ ಕಾಂಟ್ಯಾಕ್ಟ್ ಲೆನ್ಸಿನಲ್ಲೇ ಎಲೆಕ್ಟ್ರೋಡ್ ಕೂರಿಸಿದ. ಕಣ್ಣು ಆಡಿದರೆ ಅದೂ ಜೊತೆಗೇ ಆಡುತ್ತದೆ. 1945ರಲ್ಲಿ ಸ್ಟಾಕ್‌ಹೋಮಿನ ಗೋಸ್ಟಾ ಕಾರ್ಪೆ ಇಂಥ ಲೆನ್ಸನ್ನೇ ಬಳಸಿ ರೋಗಿಗಳನ್ನು ಪರೀಕ್ಷಿಸಿದ. ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದವರಲ್ಲಿ, ಇನ್ನೂ ದೃಷ್ಟಿ ಉಳಿದಿದ್ದಾಗಲೂ ಅಲೆಯೇ ಏಳುತ್ತಿರಲಿಲ್ಲ!

ಕಾರಣ ಇಷ್ಟೇ. ಇಆರ್‌ಜಿ ಹಿಡಿಯುವುದು ಇಡೀ ರೆಟಿನಾದ ಒಟ್ಟು ದನಿಯನ್ನು. ಅಕ್ಷರ ಓದುವ ನಡುವಿನ ಚುಕ್ಕೆಯಷ್ಟು ಜಾಗವೊಂದೇ ಉಳಿದು ಸುತ್ತಲಿನದೆಲ್ಲ ಸೋತಿದ್ದರೆ ಗೆರೆ ಏಳುವುದೇ ಇಲ್ಲ. ಹಗಲು ಪೇಪರ್ ಓದಿ ರಾತ್ರಿ ನಾಯಿ ತುಳಿಯುವವನ ಗುಟ್ಟು ಇದೇ!

ತಮ್ಮನ ಕಣ್ಣಿಗೆ ಹನಿ ಹಾಕಿ 20 ನಿಮಿಷಕ್ಕೂ ಹೆಚ್ಚು ಕತ್ತಲಲ್ಲಿ ಕೂರಿಸಿದರು. ಮೊದಲು ಮಂದ ಮಿಂಚು. ಅದು ಕತ್ತಲಲ್ಲಿ ಕೆಲಸ ಮಾಡುವ ರಾಡ್ ಕೋಶಗಳಿಗೆ. ಆಮೇಲೆ ಬೆಳಕಿನಲ್ಲಿ ಕೂರಿಸಿ ಪಟಪಟ ಮಿನುಗುವ ದೀಪ. ಅದು ಹಗಲಿನ ಕೋನ್ ಕೋಶಗಳಿಗೆ. ಮಂದ ಮಿಂಚಿಗೆ ಬಂದ ಗೆರೆ ಹೊಲದ ಬದುವಿನ ಹಾಗೆ ಸಪಾಟು. ಮಿನುಗುವ ದೀಪಕ್ಕೆ ಸಣ್ಣದೊಂದು ಅಲೆ ಎದ್ದಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾ, ಸದ್ಯಕ್ಕೆ ಔಷಧಿ ಇಲ್ಲ ಅಂದರು ಡಾಕ್ಟರು. 2017ರಲ್ಲಿ ಅಮೆರಿಕದಲ್ಲಿ ಆರ್‌ಪಿಇ65 ಎಂಬ ಒಂದು ಜೀನಿನ ದೋಷಕ್ಕೆ ಚಿಕಿತ್ಸೆ ಒಪ್ಪಿಗೆ ಪಡೆಯಿತು. ಆದರೆ ಇವನ ದೋಷ ಆ ಜೀನಿನದ್ದಲ್ಲ.

ಔಷಧಿ ಇಲ್ಲದ ರೋಗಕ್ಕೆ ಪರೀಕ್ಷೆ ಯಾಕೆ ಅಂತ ನಾನೂ ಗೊಣಗಿದ್ದೆ. ಊರಿಗೆ ಹೋಗುವ ಬಸ್ಸಿನಲ್ಲಿ ಅವನು ಆ ರಿಪೋರ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಅಣ್ಣಾ, ನಾನು ಬೇಕೂಂತ ಎಡವ್ತಿರ್ಲಿಲ್ಲ ಅಂತ ಅಪ್ಪಂಗೆ ನೀನೇ ಹೇಳ್ತೀಯಾ?"

ಹೇಳಿದೆ. ಚಿಕ್ಕಪ್ಪ ಆ ಸಪಾಟು ಗೆರೆಯನ್ನೇ ತುಂಬಾ ಹೊತ್ತು ನೋಡಿದರು, ಮಾತಾಡಲಿಲ್ಲ. ಮಾರನೇ ದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಂಗಳಕ್ಕೊಂದು, ಬಚ್ಚಲು ದಾರಿಗೊಂದು ಟ್ಯೂಬ್‌ಲೈಟ್ ಹಾಕಿಸಿದರು.