ಅರ್ಧ ಪಗಾರದ ಮಾತು



ದೇವರನ್ನು ನಿಂದಿಸಿದನೆಂದು ಮನುಷ್ಯನನ್ನು ಸೆರೆಗೆ ತಳ್ಳಿದ ಸಂಗತಿಗಳು ಅನೇಕ ದೇಶಗಳ ಚರಿತ್ರೆಯಲ್ಲಿವೆ. ಈ ಹೊತ್ತು ನಾನು ಹೇಳುವುದು ಇಂಗ್ಲೆಂಡಿನದು. ಆ ಮನುಷ್ಯನ ಹೆಸರು ಜಾರ್ಜ್ ಜೇಕಬ್ ಹೋಲಿಯೋಕ್. 1817ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವನು. ತಂದೆ ಲೋಹದ ಕಾರ್ಖಾನೆಯ ಕೆಲಸಗಾರ, ತಾಯಿ ಕೊಂಬಿನ ಗುಂಡಿ ಮಾಡುತ್ತಿದ್ದಳು. ಹುಡುಗನೂ ಚಿಕ್ಕ ವಯಸ್ಸಿಗೇ ತಂದೆಯ ಬೆನ್ನಿಗೆ ಕಾರ್ಖಾನೆ ಸೇರಿದ. ಮುಂದೆ ಕೆಲಸಗಾರರ ಶಿಕ್ಷಣಶಾಲೆಯಲ್ಲಿ ಓದಿ, ರಾಬರ್ಟ್ ಓವೆನ್ನನ ವಿಚಾರಗಳಿಗೆ ಮನಸೋತ. ಬಡವರು ಒಗ್ಗೂಡಿ ದುಡಿದು ಹಂಚಿಕೊಂಡು ಬಾಳಬೇಕೆಂಬುದು ಓವೆನ್ನನ ಬೋಧನೆ. ಅದನ್ನು ಊರೂರಿಗೆ ಹೇಳುವ ಭಾಷಣಕಾರನಾಗಿ ಹೋಲಿಯೋಕ್ ತಿರುಗತೊಡಗಿದ.

1842ರಲ್ಲಿ ಅವನ ಗೆಳೆಯ ಚಾರ್ಲ್ಸ್ ಸೌತ್‌ವೆಲ್ ಪತ್ರಿಕೆಯಲ್ಲಿ ಬರೆದ ಲೇಖನಕ್ಕಾಗಿ ಬ್ರಿಸ್ಟಲ್ ಸೆರೆಮನೆಯಲ್ಲಿದ್ದ. ಹನ್ನೆರಡು ತಿಂಗಳ ಶಿಕ್ಷೆ, ನೂರು ಪೌಂಡು ದಂಡ. ಗೆಳೆಯನನ್ನು ಕಾಣಲು ಹೋಲಿಯೋಕ್ ಬರ್ಮಿಂಗ್‌ಹ್ಯಾಮಿನಿಂದ ನಡೆದೇ ಹೊರಟ. ದಾರಿಯಲ್ಲಿ ಚೆಲ್ಟನ್‌ಹ್ಯಾಮ್ ಎಂಬ ಊರಲ್ಲಿ ಮೇ 24ರಂದು ಒಂದು ಭಾಷಣ ಮಾಡಿದ. ವಿಷಯ ದೇವರಲ್ಲ, ಬಡತನ. ಬಡವರು ದೇಶ ಬಿಟ್ಟು ಹೋಗದೆ ತಮ್ಮ ನಾಡಿನಲ್ಲೇ ನೆಲೆ ಕಾಣುವ ಬಗೆ ಹೇಗೆಂದು ಹೇಳಿದ.

ಭಾಷಣ ಮುಗಿದ ಮೇಲೆ ಸಭಿಕನೊಬ್ಬ ಎದ್ದು, ಮನುಷ್ಯನಿಗೆ ಸಲ್ಲಿಸುವ ಕರ್ತವ್ಯ ಹೇಳಿದಿರಿ, ದೇವರಿಗೆ ಸಲ್ಲಬೇಕಾದುದನ್ನು ಹೇಳಲಿಲ್ಲವಲ್ಲ ಎಂದು ಕೇಳಿದ. ಹೋಲಿಯೋಕ್ ನುಣುಚಿಕೊಳ್ಳಲಿಲ್ಲ. ಧರ್ಮಸಂಸ್ಥೆಗಳಿಗೆ ದೇಶದ ಜನ ವರ್ಷಕ್ಕೆ ಎರಡು ಕೋಟಿ ಪೌಂಡು ತೆರುತ್ತಿದ್ದಾರೆ, ಇಷ್ಟು ಖರ್ಚಿನ ದೇವರನ್ನು ಸಾಕುವ ಶಕ್ತಿ ಬಡವರಿಗಿಲ್ಲ, ಕಷ್ಟ ತೀರುವ ತನಕ ದೇವರಿಗೂ ಅರ್ಧ ಪಗಾರ ಕೊಟ್ಟರೆ ಸಾಕು ಎಂಬ ಅರ್ಥದ ಮಾತಾಡಿದ. ಆ ಕಾಲದಲ್ಲಿ ಕೆಲಸವಿಲ್ಲದೆ ಕೂತ ಸೈನ್ಯದ ಅಧಿಕಾರಿಗಳಿಗೆ ಅರ್ಧ ಪಗಾರ ಕೊಡುವ ಪದ್ಧತಿಯಿತ್ತು. ಬ್ಯಾಂಕಿನಲ್ಲಿ ಲೆಡ್ಜರು ಬರೆದು ಈಗ ಪಿಂಚಣಿ ಎಣಿಸುವ ನನಗೆ ಅದು ಬಯ್ಗುಳಕ್ಕಿಂತ ಜಮಾಖರ್ಚಿನ ಮಾತಾಗಿ ಕೇಳುತ್ತದೆ. ಭಕ್ತರಿಗೆ ಅದು ನೋವು ತಂದಿರಬಹುದು, ಸುಳ್ಳಲ್ಲ. ಆದರೆ ಅವನಾಗಿಯೇ ಆ ಮಾತು ಎತ್ತಿರಲಿಲ್ಲ. ಕೇಳಿದ್ದಕ್ಕೆ ಹೇಳಿದ್ದ.

ಊರಿನ ಪತ್ರಿಕೆ ಗದ್ದಲವೆಬ್ಬಿಸಿತು. ಸುದ್ದಿ ತಿಳಿದ ಹೋಲಿಯೋಕ್ ಅಡಗಿಕೊಳ್ಳುವ ಬದಲು, ತನ್ನ ಮಾತನ್ನು ವಿವರಿಸಲು ಜೂನ್ ಮೊದಲ ವಾರ ಅದೇ ಊರಿಗೆ ಮರಳಿ ಬಂದ. ವಾರಂಟೇ ಇಲ್ಲದೆ ಅವನನ್ನು ಹಿಡಿದರು. ವಿಚಾರಿಸಲು ಕೂತ ಮ್ಯಾಜಿಸ್ಟ್ರೇಟರಲ್ಲಿ ಒಬ್ಬ ಸ್ವತಃ ಪಾದ್ರಿ! ಕೈಗೆ ಕೋಳ ತೊಡಿಸಿ ಗ್ಲಾಸ್ಟರ್ ಸೆರೆಮನೆಗೆ ಸಾಗಿಸಿದರು. ಕೆಲವು ದಿನಗಳ ಮೇಲೆ ಜಾಮೀನು ಸಿಕ್ಕಿತು.

ಆಗಸ್ಟ್ 15ರಂದು ಗ್ಲಾಸ್ಟರಿನಲ್ಲಿ ಪಂಚರ ಮುಂದೆ ವಿಚಾರಣೆ. ಆರೋಪಿ ವಕೀಲನನ್ನು ಇಟ್ಟುಕೊಳ್ಳದೆ ತಾನೇ ವಾದಿಸಿದ. ಒಂಬತ್ತು ಗಂಟೆಗೂ ಮಿಕ್ಕಿ ಮಾತಾಡಿದನಂತೆ. ಇಪ್ಪತ್ತೈದು ವರ್ಷದ ಕಾರ್ಖಾನೆಯ ಹುಡುಗ! ನ್ಯಾಯಮೂರ್ತಿ ಅರ್ಸ್ಕಿನ್ ತಾಳ್ಮೆಯಿಂದ ಕೇಳಿದ, ಆಮೇಲೆ ಆರು ತಿಂಗಳ ಸಜೆ ಬರೆದ. ಕಾನೂನು ಹಾಗಿತ್ತು.

ಸಜೆ ಅನುಭವಿಸಿದವನು ಅವನೊಬ್ಬನೇ ಅಲ್ಲ. ಮನೆಯಲ್ಲಿ ಹೆಂಡತಿ ಎಲಿನರ್, ಪುಟ್ಟ ಮಕ್ಕಳು. ದುಡಿಯುವ ಕೈ ಸೆರೆಮನೆಯಲ್ಲಿದ್ದರೆ ಒಲೆ ಹೇಗೆ ಉರಿದೀತು? ಹಿತೈಷಿಗಳು ಕಳಿಸಿದ ಅಷ್ಟಿಷ್ಟು ಹಣದಲ್ಲಿ ಸಂಸಾರ ಸಾಗಬೇಕಿತ್ತು. ಅಪ್ಪ ಒಳಗಿರುವಾಗಲೇ ಹಿರಿಯ ಮಗಳು ಮೆಡಲಿನ್ ತೀರಿಕೊಂಡಳು. ಎರಡು ವರ್ಷದ ಕೂಸು. ಆ ಮಗು ಯಾವ ದೇವರನ್ನು ಬೈದಿತ್ತು? ಅವನ ಬಗ್ಗೆ ಓದುವಾಗ ನಾನು ಪ್ರತಿಸಲ ಈ ಪುಟದಲ್ಲಿ ನಿಲ್ಲುತ್ತೇನೆ.

1843ರ ಫೆಬ್ರವರಿಯಲ್ಲಿ ಹೊರಬಂದ. ಸೇಡಿನ ಮನುಷ್ಯನಾಗಲಿಲ್ಲ. 1846ರಲ್ಲಿ 'ರೀಸನರ್' ಎಂಬ ಪತ್ರಿಕೆ ತೆಗೆದ. ಆಸ್ತಿಕರನ್ನು ಹಂಗಿಸುವುದು ಅವನಿಗೆ ಸೇರುತ್ತಿರಲಿಲ್ಲ. ಪರಲೋಕದ ಜಗಳ ಬದಿಗಿಟ್ಟು, ಈ ಲೋಕದ ಬಾಳನ್ನು ನೆಟ್ಟಗೆ ಮಾಡೋಣ ಎಂಬುದು ಅವನ ಹಾದಿ. ಅದಕ್ಕೆ 1851ರಲ್ಲಿ 'ಸೆಕ್ಯುಲರಿಸಂ' ಎಂದು ಹೆಸರಿಟ್ಟ. ಆ ಪದದ ಬಗ್ಗೆ ನಮ್ಮಲ್ಲಿ ಎಷ್ಟೋ ಜಗಳ ನಡೆದಿದೆ. ಅದನ್ನು ಟಂಕಿಸಿದವನು ಜೈಲು ಕಂಡು ಬಂದವನೆಂದು ಬಲ್ಲವರು ಕಡಿಮೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ದೈವನಿಂದೆಯ ಅಪರಾಧ ರದ್ದಾದದ್ದು 2008ರಲ್ಲಿ. ಬ್ರಿಟಿಷರು 1927ರಲ್ಲಿ ನಮ್ಮ ದಂಡಸಂಹಿತೆಗೆ ಸೇರಿಸಿದ 295ಎ ಕಲಮು ಮಾತ್ರ, 2024ರಲ್ಲಿ ಸಂಹಿತೆ ಬದಲಾದಾಗಲೂ ಬೇರೆ ನಂಬರು ಪಡೆದು ಉಳಿದುಕೊಂಡಿತು.

ಇನ್ನೊಂದು ಮಾತು ನಮ್ಮ ಸೊಸಾಯಟಿ, ಪತಪೇಢಿಗಳ ಸದಸ್ಯರಿಗಾಗಿ. 1844ರಲ್ಲಿ ರಾಕ್‌ಡೇಲ್ ಊರಿನ 28 ಮಂದಿ ದುಡಿಮೆಗಾರರು ಕೂಡಿ ತೆರೆದ ಸಹಕಾರಿ ಅಂಗಡಿಯ ಚರಿತ್ರೆ ಬರೆದು ಲೋಕಕ್ಕೆ ಸಾರಿದವನೂ ಇದೇ ಹೋಲಿಯೋಕ್. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎಂಬ ನೇಮ ಅಲ್ಲಿಂದ ಹಬ್ಬಿತು. ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದಾಗ ಆ ಮುದುಕ ಇನ್ನೂ ಬದುಕಿದ್ದ. ಮರುವರ್ಷ ಜನವರಿಯಲ್ಲಿ ಬ್ರೈಟನ್ನಿನಲ್ಲಿ ತೀರಿಕೊಂಡ. 1911ರಲ್ಲಿ ಮ್ಯಾಂಚೆಸ್ಟರಿನ ಸಹಕಾರಿಗಳು ತಮ್ಮ ಕೇಂದ್ರ ಕಚೇರಿಗೆ ಅವನ ಹೆಸರಿಟ್ಟರು.