ತಿಂಗಳಿಗೆ ಮುನ್ನೂರು, ದಿನಕ್ಕೆ ಹತ್ತು

1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ ಸಂಸ್ಥೆ. ಬ್ಯಾಂಕಿನ ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಜಮಾ ಮಾಡಿಸಿಕೊಳ್ಳುತ್ತಿದ್ದರು. ದಿನದ ದುಡಿಮೆಯವರಿಗೆ ದಿನದ ಲೆಕ್ಕವೇ ಸರಿ ಎಂಬುದು ಆ ಯೋಜನೆಯ ತಿಳಿವಳಿಕೆ. ಆದರೆ ಹಣ ಕಟ್ಟಿಸಿಕೊಳ್ಳುವಾಗ ಇದ್ದ ಈ ತಿಳಿವಳಿಕೆ ಸಾಲ ಕೊಡುವಾಗ ಬ್ಯಾಂಕುಗಳಿಗೆ ಸುಲಭವಾಗಿ ಬರಲಿಲ್ಲ.

1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಕಂಪನಿ ಕಟ್ಟಿದಾಗ ಈ ಕೊರತೆಯೇ ಎದುರಾಯಿತು. ಸೌರಫಲಕ ಆಗಲೇ ಹೊಸತೇನಲ್ಲ. ಸೀಮೆಎಣ್ಣೆ ಬುಡ್ಡಿಯ ಮನೆಗಳಿಗೆ ಅದರ ಅಗತ್ಯವೂ ಇತ್ತು. ಇಲ್ಲದಿದ್ದದ್ದು ಪೂರ್ತಿ ಬೆಲೆಯನ್ನು ಒಮ್ಮೆಗೇ ಕೊಡುವ ಶಕ್ತಿ. ಎಮ್ಮೆಗೆ, ಪಂಪ್‌ಸೆಟ್ಟಿಗೆ ಸಾಲ ಕೊಡುತ್ತಿದ್ದ ಬ್ಯಾಂಕಿನವರಿಗೆ ದೀಪ ಬರೀ ಖರ್ಚಿನ ಬಾಬತ್ತಾಗಿ ಕಂಡಿತು. ಅದು ಕೆಟ್ಟರೆ ರಿಪೇರಿ ಮಾಡುವವರಾರು, ಕಂತು ಕಟ್ಟುವವರಾರು ಎಂಬ ಅವರ ಅಂಜಿಕೆ ಅಕಾರಣವೂ ಆಗಿರಲಿಲ್ಲ.

ಹಾಗಾಗಿ ಕಂಪನಿ ದೀಪ ಮಾರುವುದಕ್ಕಿಂತ ಮೊದಲು ಸಾಲದ ದಾರಿ ಮಾಡಬೇಕಾಯಿತು. ರಿಪೇರಿಯ ಅಂಜಿಕೆಗೆ ಉತ್ತರವಾಗಿ ಗಿರಾಕಿಗಳ ಹತ್ತಿರದಲ್ಲೇ ಶಾಖೆ ತೆರೆದು, ಸ್ಥಳೀಯ ತಂತ್ರಜ್ಞರನ್ನು ಇಟ್ಟಿತು. ಕತ್ತಲಾದ ಮೇಲೂ ದುಡಿಯಲು ಸಾಧ್ಯವಾದರೆ ದೀಪವೂ ಆದಾಯ ತರುವ ಸಾಧನ ಎಂದು ಮ್ಯಾನೇಜರುಗಳಿಗೆ ಮನವರಿಕೆ ಮಾಡಿತು. ಮೊದಮೊದಲು ಒಪ್ಪಿದವುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಒಂದು.

ಕಂತಿನ ಪಾಠವನ್ನು ಕಲಿಸಿದ್ದು ಬೀದಿ ವ್ಯಾಪಾರಿ. ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿಯಾದರೆ ಕಟ್ಟಬಹುದು ಎಂದ ಒಬ್ಬರ ಮಾತನ್ನು ಹಂದೆ ಹಲವು ಕಡೆ ಹೇಳಿದ್ದಾರೆ. ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಸಂಜೆ ಕೈಗೆ ಬಂದ ದುಡ್ಡನ್ನು ತಿಂಗಳ ಕೊನೆಯವರೆಗೆ ಕಾಪಾಡಿಕೊಳ್ಳುವುದೇ ಬಡವರ ಕಷ್ಟ. ಪಿಗ್ಮಿಗೆ ಗೊತ್ತಿದ್ದ ಸತ್ಯವೂ ಅದೇ.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬಡ್ಡಿ ಸಹಾಯದೊಂದಿಗೆ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರದೀಪದ ಸಾಲ ಯೋಜನೆಗೆ ಇಳಿದವು. ಆ ಸಹಾಯವನ್ನು ಕ್ರಮೇಣ ಇಳಿಸಲಾಯಿತು. ಈ ಸಾಲ ಸೆಲ್ಕೋದ ಗಿರಾಕಿಗಳಿಗಷ್ಟೇ ಮೀಸಲಾಗಿರಲಿಲ್ಲ. ಬೇರೆ ಕಂಪನಿಗಳ ಸೌರದೀಪ ಕೊಳ್ಳುವವರಿಗೂ ಅದು ಸಿಕ್ಕಿತು. ಮಾರುಕಟ್ಟೆ ಹುಟ್ಟಿತು ಎನ್ನಬಹುದಾದದ್ದು ಆಗಲೇ: ಒಂದು ಕಂಪನಿ ತುಳಿದ ದಾರಿಯಲ್ಲಿ ಅದರ ಪ್ರತಿಸ್ಪರ್ಧಿಗಳೂ ನಡೆಯತೊಡಗಿದಾಗ.

2011ರಲ್ಲಿ ಹಂದೆಯವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರು ಸಾಲ ತೀರಿಸಲಾರರು ಎಂಬ ನಂಬಿಕೆ ಅಷ್ಟರಲ್ಲಿ ಹಲವು ಶಾಖೆಗಳ ಲೆಜರುಗಳಲ್ಲೇ ಸುಳ್ಳಾಗಿತ್ತು.